ಮೈಸೂರಿನಲ್ಲಿ ಮನೆ: ರಿಂಗ್ ರೋಡಿನ ಆಚೆ ನಿಮ್ಮ ಬೀದಿ ಯಾರ ಸುಪರ್ದಿನಲ್ಲಿದೆ?

ಮೈಸೂರಿನಲ್ಲಿ ವಾಸ ಹೇಗೆ ಎಂದು ಅಲ್ಲಿಯವರನ್ನೇ ಕೇಳಿದರೆ ಎರಡು ಥರದ ಉತ್ತರ ಸಿಗುತ್ತದೆ. ಸರಸ್ವತಿಪುರಂ, ಯಾದವಗಿರಿ, ಕುವೆಂಪುನಗರದವರ ಮಾತು ಒಂದು: ನಲ್ಲಿಯಲ್ಲಿ ಕಾವೇರಿ ಬರುತ್ತೆ, ಬೆಳಿಗ್ಗೆ ಕಸದ ಗಾಡಿ ಬರುತ್ತೆ, ಆಸ್ಪತ್ರೆ, ಸ್ಕೂಲು, ಸ್ಟೇಷನ್ನು ಎಲ್ಲ ಹತ್ತಿರ, ಇನ್ನೇನು ಬೇಕು. ರಿಂಗ್ ರೋಡು ದಾಟಿ ನಾಲ್ಕೈದು ಕಿಲೋಮೀಟರ್ ಆಚೆಗೆ ಮನೆ ಕಟ್ಟಿಕೊಂಡವರ ಮಾತು ಇನ್ನೊಂದು: ಗಾಳಿ ಬೆಳಕಿಗೆ ಕೊರತೆಯಿಲ್ಲ, ಮನೆಯೂ ಚೆನ್ನಾಗಿದೆ, ಆದರೆ ಬೇಸಿಗೆ ಬಂದರೆ ಟ್ಯಾಂಕರ್, ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳಬೇಕೋ ಗೊತ್ತಿಲ್ಲ, ರಾತ್ರಿ ಎಂಟಾದ ಮೇಲೆ ಬಸ್ಸಿನ ನಂಬಿಕೆ ಇಲ್ಲ.

ಎರಡೂ ಮಾತು ನಿಜ. ಸಣ್ಣ ಊರಲ್ಲಿ ಮನೆ ಅಗ್ಗ, ಬದುಕು ಆರಾಮ ಎನ್ನುವಾಗ ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಮೊದಲನೆಯವರ ಆರಾಮವನ್ನು, ಕೈಯಲ್ಲಿರುವ ದುಡ್ಡಿಗೆ ಸಿಗುವುದು ಎರಡನೆಯವರ ಸೈಟು. ಇವೆರಡರ ನಡುವಿನ ಅಂತರಕ್ಕೆ ದೂರ ಒಂದೇ ಕಾರಣವಲ್ಲ. ಆ ಬೀದಿಯ ರಸ್ತೆ, ಮೋರಿ, ನೀರಿನ ಪೈಪು ಕಾಗದದ ಮೇಲೆ ಯಾರಿಗೆ ಸೇರಿವೆ ಎನ್ನುವುದು ದೂರಕ್ಕಿಂತ ದೊಡ್ಡ ಕಾರಣ. ಬೆಂಗಳೂರಿನಿಂದ ಮೈಸೂರಿಗೆ ಬರಬೇಕೆಂದಿರುವವರು, ನಿವೃತ್ತಿಗೆಂದು ಸೈಟು ಹುಡುಕುವವರು ಹೆಚ್ಚಾಗಿ ಕೇಳದೇ ಬಿಡುವ ಪ್ರಶ್ನೆಯೂ ಇದೇ. ಮೈಸೂರಿನ ಹೆಸರು ಹೇಳಿ ಬರೆದರೂ ತುಮಕೂರು, ಶಿವಮೊಗ್ಗ, ದಾವಣಗೆರೆ, ಹಾಸನದ ಹೊರವಲಯಕ್ಕೂ ಇದರ ಬಹುಪಾಲು ಹೊಂದುತ್ತದೆ.

ಹಳೆಯ ಮೈಸೂರು, ಹೊಸ ಮೈಸೂರು

ಹಳೆಯ ಬಡಾವಣೆಗಳು ಚೆನ್ನಾಗಿರುವುದು ಅದೃಷ್ಟದಿಂದಲ್ಲ. ಪ್ಲೇಗಿನ ಹಾವಳಿಯ ನಂತರ, 1903ರಲ್ಲೇ ಮೈಸೂರಿಗೆ ನಗರಾಭಿವೃದ್ಧಿಗೆಂದು ಪ್ರತ್ಯೇಕ ಟ್ರಸ್ಟ್ ಬೋರ್ಡ್ ಬಂತು. ಅಗಲವಾದ ರಸ್ತೆ, ನಡುನಡುವೆ ಪಾರ್ಕು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಲ್ಲವನ್ನೂ ಮೊದಲು ಹಾಕಿ ಆಮೇಲೆ ಸೈಟು ಹಂಚಿದರು. ಇಂದಿಗೂ ಹಳೆಯ ಮೊಹಲ್ಲಾಗಳಲ್ಲಿ ಒಳಚರಂಡಿ ಕೆಟ್ಟರೆ ಮನೆ ಮುಂದಿನ ರಸ್ತೆ ಅಗೆಯದೆ ಹಿಂದಿನ ಗಲ್ಲಿಯಿಂದ ಸರಿಮಾಡುವ ಕಡೆಗಳಿವೆ. ಆ ಬೋರ್ಡಿನ ಕೆಲಸ ಮುಂದೆ 1987ರ ಕಾಯ್ದೆಯಡಿ ಬಂದ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಮುಡಾಕ್ಕೆ ಹೋಯಿತು. ಈಗ ಅದರ ಹೆಸರು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಜನ ಇನ್ನೂ ಮುಡಾ ಎಂದೇ ಕರೆಯುತ್ತಾರೆ.

ಹೊರವಲಯದ ಕತೆ ಬೇರೆ. ಮಹಾನಗರ ಪಾಲಿಕೆಯ ಗಡಿ ಮುಗಿದ ಕೂಡಲೇ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಶುರು. ಅವುಗಳ ಆಚೆ ಗ್ರಾಮ ಪಂಚಾಯಿತಿಗಳು. ಐದಾರು ವರ್ಷದ ಹಿಂದೆ ಆ ನಗರಸಭೆ, ಪಟ್ಟಣ ಪಂಚಾಯಿತಿಗಳೂ ಗ್ರಾಮ ಪಂಚಾಯಿತಿಗಳೇ ಆಗಿದ್ದವು. ಇವನ್ನು ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಬಹಳ ದಿನದಿಂದ ಇದೆ. ದಲ್ಲಾಳಿಗಳು ಸೈಟು ತೋರಿಸುವಾಗ ಇದನ್ನು ತಪ್ಪದೇ ಹೇಳುತ್ತಾರೆ: ‘ನಾಳೆ ಕಾರ್ಪೊರೇಷನ್ ಆಗುತ್ತೆ ಸಾರ್, ರೇಟು ಡಬಲ್.’ ಪಾಲಿಕೆಗೆ ಸೇರಿದ ದಿನವೇ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮೊದಲು ಬರುವುದು ಪಾಲಿಕೆಯ ದರದ ಆಸ್ತಿ ತೆರಿಗೆ.

ಹೊಲ ಬಡಾವಣೆಯಾಗುವ ದಾರಿ

ಖಾಸಗಿ ಬಡಾವಣೆ ಎಂದರೆ ಮೂಲದಲ್ಲಿ ಯಾರದೋ ಹೊಲ. ಅದು ಕ್ರಮಬದ್ಧವಾಗಿ ಸೈಟಾಗಬೇಕಾದರೆ ಮೊದಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ, ಆಡುಮಾತಿನಲ್ಲಿ ಡಿ.ಸಿ. ಕನ್ವರ್ಷನ್, ಆಗಬೇಕು. ಆಮೇಲೆ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಮಂಜೂರಾತಿ. ಮಂಜೂರಾದ ನಕ್ಷೆಯ ರಸ್ತೆ, ಪಾರ್ಕು ಮತ್ತು ನಾಗರಿಕ ಸೌಲಭ್ಯದ ಜಾಗ (ಸಿ.ಎ. ಸೈಟು) ಇವನ್ನು ಮಾಲೀಕ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಅಲ್ಲಿಂದ ಕಾಮಗಾರಿ ಶುರು: ರಸ್ತೆ, ಮಳೆನೀರು ಚರಂಡಿ, ಒಳಚರಂಡಿ, ನೀರಿನ ಕೊಳವೆ, ಓವರ್‌ಹೆಡ್ ಟ್ಯಾಂಕು, ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್.

ಕಾಮಗಾರಿ ಮಾಡದೆ ಸೈಟು ಮಾರಿ ಹೋಗಬಾರದೆಂದು ಎಲ್ಲ ಸೈಟುಗಳನ್ನೂ ಒಟ್ಟಿಗೆ ಮಾರಲು ಬಿಡುವುದಿಲ್ಲ. ಬಹುಕಾಲ ಚಾಲ್ತಿಯಲ್ಲಿದ್ದ ಲೆಕ್ಕ 40-30-30: ಜಾಗ ಬರೆದುಕೊಟ್ಟ ಮೇಲೆ ನೂರಕ್ಕೆ 40 ಸೈಟು, ಅರ್ಧ ಕೆಲಸ ಆದಾಗ 30, ಪೂರ್ತಿ ಆದಾಗ ಉಳಿದ 30. ಇದಕ್ಕೆ ಪ್ರಾಧಿಕಾರ ಕೊಡುವ ಪತ್ರವೇ ಬಿಡುಗಡೆ ಆದೇಶ. ನೀವು ನೋಡುತ್ತಿರುವ ಸೈಟಿನ ನಂಬರು ಆ ಆದೇಶದಲ್ಲಿ ಇದೆಯೇ ಎಂದು ನೋಡುವುದು ಎರಡು ನಿಮಿಷದ ಕೆಲಸ. ಕ್ರಯಪತ್ರ, ಕನ್ವರ್ಷನ್, ಪಹಣಿ ಎಲ್ಲ ತಿರುವಿಹಾಕಿ ಇದೊಂದನ್ನು ಬಿಡುವವರೇ ಜಾಸ್ತಿ.

ಕೊನೆಯ ಹಂತ ಹಸ್ತಾಂತರ. ಕೆಲಸ ಮುಗಿದ ಬಡಾವಣೆಯನ್ನು ಪ್ರಾಧಿಕಾರ ಸ್ಥಳೀಯ ಸಂಸ್ಥೆಗೆ ವಹಿಸಬೇಕು. ವಹಿಸಿದ ಮೇಲೆಯೇ ದೀಪ, ಕಸ, ನೀರು, ಗುಂಡಿ ಎಲ್ಲ ಪಾಲಿಕೆಯದೋ ನಗರಸಭೆಯದೋ ಪಂಚಾಯಿತಿಯದೋ ಜವಾಬ್ದಾರಿ. ಗಂಟು ಬೀಳುವುದು ಇಲ್ಲೇ. ಡೆವಲಪರ್ ಸೈಟುಗಳನ್ನೆಲ್ಲ ಮಾರಿ ಹೋಗಿರುತ್ತಾನೆ. ಕೆಲಸ ಅರೆಬರೆ ಆಗಿದೆ, ಸರಿಮಾಡಿಸಿ ಕೊಟ್ಟರೆ ತಗೊಳ್ತೀವಿ ಎಂದು ಸ್ಥಳೀಯ ಸಂಸ್ಥೆ ಹೇಳುತ್ತದೆ. ಸರಿಮಾಡಿಸಲು ನಮ್ಮಲ್ಲಿ ಆ ಬಾಬ್ತು ದುಡ್ಡಿಲ್ಲ ಎಂದು ಪ್ರಾಧಿಕಾರ ಹೇಳುತ್ತದೆ. ಮೈಸೂರಿನ ಸುತ್ತ ಹೀಗೆ ವರ್ಷಗಟ್ಟಲೆ ತೂಗಾಡಿದ ಬಡಾವಣೆಗಳು ಬಹಳ. ಖಾತೆ, ತೆರಿಗೆ ಒಂದು ಕಡೆ, ನೀರಿನ ದೂರು ಇನ್ನೊಂದು ಕಡೆ. ಈಚೆಗೆ ಸರ್ಕಾರ ಒಟ್ಟಾಗಿ ಹಸ್ತಾಂತರಿಸಲು ಹೊರಟ ಮೇಲೂ ಕಡತ ದಾಟುವುದಕ್ಕೂ ಪೈಪು, ಕಂಬ, ಮೋರಿ ನಿಜವಾಗಿ ಕೆಲಸ ಮಾಡುವುದಕ್ಕೂ ನಡುವೆ ಬಹಳ ದೂರವಿದೆ.

ಅಗ್ಗದ ಸೈಟು ಹೇಗೆ ಅಗ್ಗವಾಗುತ್ತದೆ ಎನ್ನುವುದಕ್ಕೆ ಒಂದು ಎಕರೆಯ ಲೆಕ್ಕ ಸಾಕು. ಎಕರೆಗೆ 40 ಗುಂಟೆ, 43,560 ಚದರ ಅಡಿ. ಕ್ರಮಬದ್ಧ ಬಡಾವಣೆಯಲ್ಲಿ 30 ಅಡಿ ರಸ್ತೆ, ಪಾರ್ಕು, ಸಿ.ಎ. ಜಾಗ ಬಿಟ್ಟ ಮೇಲೆ ಮಾರಲು ಸಿಗುವುದು ಅರ್ಧಕ್ಕಿಂತ ತುಸು ಹೆಚ್ಚು. ಸುಮಾರು 24,000 ಚದರ ಅಡಿ ಎಂದುಕೊಂಡರೆ 30×40ರ 20 ಸೈಟು. ಪಾರ್ಕು ಬಿಡದೆ, ರಸ್ತೆಯನ್ನು 20 ಅಡಿಗೆ ಇಳಿಸಿದರೆ ಅದೇ ಎಕರೆಯಲ್ಲಿ 26-27 ಸೈಟು ಕೂರುತ್ತವೆ. ಆರೇಳು ಸೈಟಿನ ಹೆಚ್ಚಿನ ಹಣ, ಜತೆಗೆ ಹಾಕದೇ ಬಿಟ್ಟ ಪೈಪು, ಚರಂಡಿ, ಕಂಬಗಳ ಖರ್ಚು. ಮಂಜೂರಾತಿ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರುವ ರೆವಿನ್ಯೂ ಸೈಟಿನ ಅಗ್ಗದ ಗುಟ್ಟು ಇಷ್ಟೇ. ಉಳಿದ ಖರ್ಚು ಕೊಂಡವನ ತಲೆಗೆ.

ನೀರು ಮತ್ತು ಒಳಚರಂಡಿ: ಸ್ಥಳದಲ್ಲೇ ನೋಡಬೇಕಾದದ್ದು

ಮೈಸೂರಿಗೆ ಕಾವೇರಿ ನೀರು ಹೊಂಗಳ್ಳಿ, ಮೇಳಾಪುರದಿಂದ, ಕಬಿನಿ ನೀರು ಬಿದರಗೂಡಿನಿಂದ ಬರುತ್ತದೆ. ನಗರದೊಳಗೆ ಹಂಚುವುದು ವಾಣಿವಿಲಾಸ ನೀರು ಸರಬರಾಜು ವಿಭಾಗ. ಹೊರಗಿನ ಎಷ್ಟೋ ಬಡಾವಣೆಗಳಲ್ಲಿ ಕೊಳವೆ ಇದೆ, ಅದರೊಳಗೆ ಹರಿಯುವುದು ಬಡಾವಣೆಯ ಬೋರ್‌ವೆಲ್ ನೀರು. ‘ಕಾವೇರಿ ಕನೆಕ್ಷನ್ ಇದೆ’ ಎನ್ನುವ ಮಾತಿಗೆ ಮೂರು ಅರ್ಥ ಇರಬಹುದು: ಪೈಪು ಹಾಕಿದೆ ಎಂದು, ಪೈಪು ಮುಖ್ಯ ಕೊಳವೆಗೆ ಜೋಡಿಸಿದೆ ಎಂದು, ವಾರಕ್ಕೆ ಇಷ್ಟು ದಿನ ನೀರು ಬಿಡುತ್ತಾರೆ ಎಂದು. ಮೂರನೆಯದು ಮಾತ್ರ ಕೆಲಸಕ್ಕೆ ಬರುವುದು. ಇದನ್ನು ತಿಳಿಯಲು ಕಚೇರಿಗೆ ಹೋಗಬೇಕಿಲ್ಲ. ಆ ಬೀದಿಗೆ ವಾಲ್ವ್ ತಿರುಗಿಸುವ ನೀರುಗಂಟಿಯನ್ನು ಹಿಡಿದು ಕೇಳಿ. ಏಪ್ರಿಲ್ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡ್ತೀರಿ, ಎಷ್ಟು ಹೊತ್ತು, ಎತ್ತರದ ಕೊನೆಯ ಮನೆಗೆ ಏರುತ್ತಾ? ಅವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ಸರ್ಕಾರಿ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರ್, ತಿಂಗಳಿಗೆ 16,200. ನಲ್ಲಿಯಲ್ಲಿ ಏನೂ ಬರದಿದ್ದರೆ 6,000 ಲೀಟರಿನ ಟ್ಯಾಂಕರ್ ತಿಂಗಳಿಗೆ ಮೂರು ಬೇಕು. ಮೇಲೆ ಎರಡು ಮನೆ ಬಾಡಿಗೆಗೆ ಕಟ್ಟಿದ್ದರೆ ಎಂಟು. ಬಾಡಿಗೆ ವರಮಾನದ ಲೆಕ್ಕ ಹಾಕುವವರು ಈ ಎಂಟು ಟ್ಯಾಂಕರನ್ನು ಎದುರಿಗೆ ಬರೆದುಕೊಳ್ಳಬೇಕು.

ಸಂಪಿನ ಅಳತೆಯೂ ಇಲ್ಲಿಂದಲೇ ಹುಟ್ಟುತ್ತದೆ. 6×6×6 ಅಡಿಯ ಸಂಪಿಗೆ ಸುಮಾರು 6,100 ಲೀಟರ್ ಹಿಡಿಯುತ್ತದೆ. ಮೂರು ಮನೆಗೆ ದಿನಕ್ಕೆ 1,620 ಲೀಟರ್. ಮೂರು ದಿನಕ್ಕೊಮ್ಮೆ ನೀರು ಬಂದರೆ 4,860 ಸಾಕು, ಸಂಪು ತಡೆಯುತ್ತದೆ. ಐದು ದಿನಕ್ಕೊಮ್ಮೆ ಎಂದರೆ ತಡೆಯುವುದಿಲ್ಲ. ಇನ್ನೊಂದು, ಟ್ಯಾಂಕರ್ ತರಿಸುವ ಮನೆಗೆ 4,000 ಲೀಟರಿನ ಸಂಪು ಕಟ್ಟಿದರೆ ಪ್ರತಿ ಸಲ 2,000 ಲೀಟರಿನ ದುಡ್ಡು ಸುಮ್ಮನೆ ಕೊಡುತ್ತೀರಿ. ಲಾರಿಯವರು ಅರ್ಧ ಲೋಡು ಮಾರುವುದಿಲ್ಲ. ಸಂಪಿನ ಬಾಯಿ ನೆಲಮಟ್ಟಕ್ಕೇ ಇಡದೆ ಅರ್ಧ ಅಡಿ ಎತ್ತರಿಸಿ, ಇಲ್ಲದಿದ್ದರೆ ಕಾಂಪೌಂಡು ತೊಳೆದ ನೀರೆಲ್ಲ ಒಳಗೆ. ನಲ್ಲಿ ಲೈನಿಗೇ ನೇರವಾಗಿ ಮೋಟರು ಹಾಕುವ ಚಾಳಿ ಹೊರವಲಯದಲ್ಲಿ ಜಾಸ್ತಿ. ಅದು ಕಾನೂನಿಗೆ ವಿರುದ್ಧ ಅನ್ನುವುದಕ್ಕಿಂತ, ಒತ್ತಡ ಇಳಿದ ಪೈಪಿನಲ್ಲಿ ಜಾಯಿಂಟುಗಳ ಸಂದಿಯಿಂದ ಹೊರಗಿನ ಕೊಳಚೆಯನ್ನೂ ಎಳೆದುಕೊಳ್ಳುತ್ತದೆ. ಇಡೀ ಬೀದಿಗೆ ಒಟ್ಟಿಗೆ ವಾಂತಿಭೇದಿ ಶುರುವಾದರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಬೋರ್‌ವೆಲ್ ನೀರಾದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. ಫ್ಲೋರೈಡ್ 1ರ ಒಳಗೆ, ಹೆಚ್ಚೆಂದರೆ 1.5. ಗಡಸು ನೀರಿಗೆ ಗೀಸರಿನ ಕಾಯಿಲ್, ಸೋಲಾರಿನ ಕೊಳವೆ, ಫ್ಲಶ್ಶಿನ ರಬ್ಬರು ಎಲ್ಲ ಬೇಗ ಹೋಗುತ್ತವೆ. ಮಳೆನೀರು ಕೊಯ್ಲು ಇದಕ್ಕೆ ಒಳ್ಳೆಯ ಜೊತೆ: 100 ಚದರ ಮೀಟರ್ ತಾರಸಿ, ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಐದರಲ್ಲೊಂದು ಪಾಲು ನಷ್ಟವೆಂದು ಬಿಟ್ಟರೂ 64,000 ಲೀಟರ್. ನಾಲ್ಕು ಜನರ ವರ್ಷದ ಖರ್ಚಿನ ಮೂರರಲ್ಲೊಂದು ಪಾಲು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಪೈಪು ಬೇರೆ ಇರಲಿ.

ಇನ್ನು ಒಳಚರಂಡಿ. ಹೊರಗಿನ ಬಡಾವಣೆಯಲ್ಲಿ ಇದರ ನಿಜ ತಿಳಿಯಬೇಕಾದರೆ ಬಡಾವಣೆಯ ಅತಿ ತಗ್ಗಿನ ಮೂಲೆಗೆ ನಡೆದುಹೋಗಿ ಕೊನೆಯ ಮ್ಯಾನ್‌ಹೋಲ್ ಮುಚ್ಚಳದ ಬಳಿ ನಿಲ್ಲಿ. ಅಲ್ಲಿ ನೀರು ಹರಿಯುವ ಸದ್ದು ಇದ್ದರೆ ಲೈನು ಮುಂದಕ್ಕೆ ಜೋಡಿಸಿದೆ. ಮುಚ್ಚಳದ ಸುತ್ತ ಕಪ್ಪು ಕಲೆ, ಹಸಿರು ಜೊಂಡು, ಪಕ್ಕದ ಕಾಲುವೆಯಲ್ಲಿ ಬೂದು ಬಣ್ಣದ ನೊರೆ ಕಂಡರೆ ಒಳಗೆ ಪೈಪು ಹಾಕಿ ಮುಖ್ಯ ಲೈನಿಗೆ ಜೋಡಿಸದೆ ಬಿಟ್ಟಿದ್ದಾರೆ ಎಂದೇ ಅರ್ಥ. ಆ ಕೊಳಚೆ ಮಳೆನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಮೈಸೂರಿನ ಕೊಳಚೆ ಶುದ್ಧೀಕರಣ ಘಟಕಗಳು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ ಕಡೆ ಇವೆ, ನೆಲದ ಇಳಿಜಾರು ನೋಡಿ ಮಾಡಿದ್ದು. ಏರುಜಾಗದ ಆಚೆ ಬೀಳುವ ಬಡಾವಣೆಯ ಕೊಳಚೆಯನ್ನು ಪಂಪು ಮಾಡಿಯೇ ಎತ್ತಬೇಕು. ಪಂಪು ಕೆಟ್ಟ ದಿನ ತಗ್ಗಿನ ಮನೆಗಳ ನೆಲಮಹಡಿ ಟಾಯ್ಲೆಟ್ಟಿನಲ್ಲಿ ಅದು ಉಕ್ಕುತ್ತದೆ. ತಗ್ಗಿನ ಸೈಟಾದರೆ ಮನೆಯ ಕೊನೆಯ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿಸುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಪಾಯವನ್ನೂ ರಸ್ತೆಯಿಂದ ಎರಡೂವರೆ ಮೂರು ಅಡಿ ಏರಿಸಿ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಮೇಲೆಯೇ ಹಾಕುತ್ತಾರೆ, ಹದಿನೈದು ವರ್ಷದಲ್ಲಿ ರಸ್ತೆ ಒಂದಡಿ ಮೇಲೆ ಬಂದಿರುತ್ತದೆ.

ಒಳಚರಂಡಿ ಇಲ್ಲವೇ ಇಲ್ಲ ಎನ್ನುವ ಕಡೆ ಸೆಪ್ಟಿಕ್ ಟ್ಯಾಂಕು. ಐದು ಜನರಿಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ ಎನ್ನುವುದು ಕನಿಷ್ಠ ಅಳತೆ, ಎರಡು ವರ್ಷಕ್ಕೊಮ್ಮೆ ತೆಗೆಸಬೇಕು. ಕೆಳಗೆ ತಳವಿಲ್ಲದ ರಿಂಗು ಇಳಿಸಿ ಅದಕ್ಕೇ ಸೆಪ್ಟಿಕ್ ಟ್ಯಾಂಕು ಎಂದು ಹೆಸರಿಡುವ ಮೇಸ್ತ್ರಿಗಳಿದ್ದಾರೆ. ಅದು ಇಂಗುಗುಂಡಿ, ಪಕ್ಕದ ಬೋರ್‌ವೆಲ್ಲಿಗೆ ವಿಷ.

ಕಾಗದ: ಯಾವುದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಖಾತೆ ಎಂದರೆ ಒಡೆತನವಲ್ಲ. ತೆರಿಗೆ ಯಾರ ಹೆಸರಲ್ಲಿ ಕಟ್ಟಬೇಕು ಎನ್ನುವ ದಾಖಲೆ ಅಷ್ಟೇ. ಒಡೆತನ ನೋಂದಾಯಿತ ಕ್ರಯಪತ್ರದಿಂದ, ಅದರ ಹಿಂದಿನ ಕ್ರಯಪತ್ರದಿಂದ, ಹೀಗೆ ಮೂಲದವರೆಗೆ ಹೋಗುವ ಸರಪಳಿಯಿಂದ ಬರುತ್ತದೆ. ಹಾಗೆಂದು ಖಾತೆಯನ್ನು ಕಡೆಗಣಿಸುವಂತಿಲ್ಲ: 2024ರ ಅಕ್ಟೋಬರಿನಿಂದ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ರೂಪ, ಇಲ್ಲದೆ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಇದರ ಜಾಗಕ್ಕೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11. ನಮೂನೆ 9 ಜತೆಗೆ 11-ಎ ಇದ್ದರೆ ಕ್ರಮಬದ್ಧ, ಬರೀ 11-ಬಿ ಇದ್ದರೆ ನಕ್ಷೆ ಮಂಜೂರಾತಿ ಇಲ್ಲದ್ದು ಎಂದು ತಿಳಿಯಿರಿ. ಕೈಬರಹದ ಹಳೆಯ 9-11 ಯಾರಾದರೂ ತೋರಿಸಿದರೆ ಅದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ.

ಅನಧಿಕೃತ ಬಡಾವಣೆಯ ಸೈಟಿಗೂ ಬಿ-ಖಾತಾ ಕೊಡುವ ಕೆಲಸ 2025ರಲ್ಲಿ ರಾಜ್ಯದ ಊರೂರಲ್ಲಿ ನಡೆಯಿತು. ಇದರಿಂದ ತೆರಿಗೆ ಕಟ್ಟಬಹುದು, ಮಾರಾಟ ನೋಂದಣಿಗೆ ದಾರಿಯಾಯಿತು. ಬಡಾವಣೆ ಸಕ್ರಮವಾಯಿತು ಎಂದು ಮಾತ್ರ ಅಲ್ಲ. ದಂಡ ಕಟ್ಟಿಸಿಕೊಂಡು ಅನಧಿಕೃತವಾದದ್ದನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದನ್ನು ನೆನಪಿಟ್ಟುಕೊಂಡವರು ಈ ವ್ಯತ್ಯಾಸವನ್ನು ಬೇಗ ಹಿಡಿಯುತ್ತಾರೆ. ಬಿ-ಖಾತಾ ಸೈಟಿಗೆ ಬ್ಯಾಂಕು ಸಾಲಕ್ಕೆ ಹಿಂದೇಟು ಹಾಕುವುದೂ ಇದಕ್ಕೇ.

ಹೊಲದಿಂದ ಬಂದ ಸೈಟಿಗೆ ಇನ್ನೂ ಹಿಂದಕ್ಕೆ ಹೋಗಬೇಕು. ಕನ್ವರ್ಷನ್ ಆದೇಶದ ಸರ್ವೆ ನಂಬರು, ವಿಸ್ತೀರ್ಣ ಬಡಾವಣೆ ನಕ್ಷೆಯ ಜತೆ ತಾಳೆಯಾಗುತ್ತದೆಯೇ ನೋಡಿ. ಮೂರೂವರೆ ಎಕರೆಗೆ ಕನ್ವರ್ಷನ್ ಮಾಡಿಸಿ ನಾಲ್ಕು ಎಕರೆಯಲ್ಲಿ ಸೈಟು ಹಾಕಿದ್ದರೆ ಮೂಲೆಯ ಸೈಟುಗಳು ಯಾವ ಜಮೀನಿನಲ್ಲಿವೆ? ಬಹಳ ಸಲ ಉತ್ತರ ಬಿ ಖರಾಬು: ಹಳ್ಳ, ಬಂಡಿದಾರಿ, ಕಾಲುವೆ, ಅಂದರೆ ಸರ್ಕಾರಿ ಜಾಗ. ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ಬಡಾವಣೆ ನಕ್ಷೆಯ ಪಕ್ಕ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯವೇ ಅಸಿಂಧು. ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದ ಮೇಲೆ, ಮೂವತ್ತು ವರ್ಷದ ಹಿಂದಿನ ಕ್ರಯವಾದರೂ ಸೇಫ್ ಅನ್ನುವಂತಿಲ್ಲ. ಹಳೆಯ ಮ್ಯುಟೇಷನ್ನುಗಳಲ್ಲಿ ದರಖಾಸ್ತು, ಸಾಗುವಳಿ ಚೀಟಿ ಎನ್ನುವ ಪದ ಕಂಡರೆ ಅಲ್ಲೇ ನಿಂತು ವಿಚಾರಿಸಿ. ಮೂರನೆಯದು ಹೆಣ್ಣುಮಕ್ಕಳ ಸಹಿ. ವಂಶವೃಕ್ಷದಲ್ಲಿ ಇರುವ ಅಕ್ಕತಂಗಿಯರು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಪಿತ್ರಾರ್ಜಿತ ಜಮೀನಿನ ಮೇಲೆ ನಾಳೆ ಪಾಲಿನ ದಾವೆ ಬರುವುದು ಬಹುತೇಕ ಖಚಿತ. ಬರೀ ಗಂಡುಮಕ್ಕಳು ಸಹಿ ಹಾಕಿದ ಕ್ರಯಪತ್ರಗಳು ಮೈಸೂರಿನ ಸುತ್ತಲಿನ ಹಳ್ಳಿಗಳಲ್ಲಿ ರಾಶಿ ಇವೆ.

ಋಣಭಾರ ಪತ್ರ, ಎಲ್ಲರೂ ಇಸಿ ಎನ್ನುವುದು, ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ನಮೂನೆ 15 ಬಂದರೆ ವ್ಯವಹಾರಗಳ ಪಟ್ಟಿ ಇದೆ ಎಂದು, 16 ಬಂದರೆ ಆ ಅವಧಿಯಲ್ಲಿ ಏನೂ ಇಲ್ಲ ಎಂದು. ಕನಿಷ್ಠ 30 ವರ್ಷದ್ದು ತೆಗೆಸಿ. ಸೈಟಿನ ನಂಬರಿಗೆ ಮಾತ್ರ ತೆಗೆಸಿದರೆ ಬಡಾವಣೆಯಾದ ಮೇಲಿನದು ಮಾತ್ರ ಕಾಣುತ್ತದೆ. ಮೂಲ ಸರ್ವೆ ನಂಬರಿಗೂ ಬೇರೆ ಇಸಿ ಬೇಕು. ಹಳೆಯ ವರ್ಷಗಳಿಗೆ ಉಪನೋಂದಣಿ ಕಚೇರಿಗೇ ಹೋಗಬೇಕಾದೀತು.

ಪ್ರಾಧಿಕಾರದ್ದೇ ಸೈಟಾದರೆ ಚಿಂತೆ ಇಲ್ಲ ಎಂಬ ಮಾತೂ ಈಗ ಪೂರ್ತಿ ನಿಲ್ಲುವುದಿಲ್ಲ. ಜಮೀನು ಬಿಟ್ಟುಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಪಾಲು ಎನ್ನುವ 50:50 ಲೆಕ್ಕದಲ್ಲಿ ಕೊಟ್ಟ ಬದಲಿ ನಿವೇಶನಗಳ ವಿವಾದ 2024ರಲ್ಲಿ ರಾಜ್ಯವನ್ನೇ ಅಲ್ಲಾಡಿಸಿತು. ಅರ್ಜಿ ಹಾಕಿ ಲಾಟರಿಯಲ್ಲಿ ಬಂದದ್ದೋ, ಹರಾಜಿನದೋ, ಪರಿಹಾರಕ್ಕೆ ಕೊಟ್ಟದ್ದೋ, ಬದಲಿಯೋ ಎಂದು ಹಂಚಿಕೆ ಪತ್ರದಲ್ಲೇ ನೋಡಬೇಕು.

ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದು ಕೆಲಸ ಇನ್ನೂ ನಡೆಯುತ್ತಿದ್ದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಇರಲೇಬೇಕು. ನೋಂದಾಯಿತ ಕರಾರು ಆಗುವ ಮುನ್ನ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

ದುಡ್ಡಿನ ಲೆಕ್ಕ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ನಗರ ವ್ಯಾಪ್ತಿಯಲ್ಲಿ 36 ಲಕ್ಷದ ಸೈಟಿಗೆ ಮುದ್ರಾಂಕ ಶುಲ್ಕ ಶೇ 5ರಂತೆ 1,80,000, ಅದರ ಮೇಲೆ ಸೆಸ್ 18,000, ಸರ್ಚಾರ್ಜ್ 3,600, ನೋಂದಣಿ 72,000. ಒಟ್ಟು 2,73,600 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ, ಕ್ರಯದ ಬೆಲೆ, ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಕೆಲಸ.

ಖಾಲಿ ಸೈಟುಗಳ ಊರು

ಹೊರಗಿನ ಬಡಾವಣೆಯ ನಿವಾಸಿಗಳು ಕಾಗದಕ್ಕಿಂತ ಹೆಚ್ಚು ಗೊಣಗುವುದು ಪಕ್ಕದ ಖಾಲಿ ಸೈಟಿನ ಬಗ್ಗೆ. ನೂರು ಸೈಟಿನಲ್ಲಿ ಮೂವತ್ತು ಮನೆ, ಉಳಿದವುಗಳ ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ. ಅಲ್ಲಿ ಎದೆಯುದ್ದ ಕಾಂಗ್ರೆಸ್ ಗಿಡ, ಕಸ, ಹಾವು. ಮನೆ ಕಡಿಮೆ ಇದ್ದರೆ ಬಸ್ಸಿಗೆ ಜನವಿಲ್ಲ, ಬಸ್ಸಿಲ್ಲದ ಕಡೆ ಬಾಡಿಗೆಗೆ ಬರುವವರಿಲ್ಲ, ಬಾಡಿಗೆದಾರರಿಲ್ಲದೆ ಹಾಲಿನ ಬೂತು, ಕಿರಾಣಿ ಅಂಗಡಿ ನಿಲ್ಲುವುದಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು ಹೆದ್ದಾರಿ ಶುರುವಾದ ಮೇಲೆ ಹೂಡಿಕೆಗೆಂದು ಕೊಳ್ಳುವವರು ಹೆಚ್ಚಿ ಈ ಸುತ್ತು ಇನ್ನೂ ಬಿಗಿಯಾಗಿದೆ. ವಾಸಕ್ಕೆಂದು ಕೊಳ್ಳುವವರು ಬೆಲೆ ಏರುತ್ತಿರುವ ಬಡಾವಣೆಗಿಂತ ಸಂಜೆ ಏಳಕ್ಕೆ ದೀಪ ಉರಿಯುವ ಕಿಟಕಿಗಳನ್ನು ಎಣಿಸುವುದು ಮೇಲು. ಅರ್ಧಕ್ಕಿಂತ ಹೆಚ್ಚು ಮನೆ ಎದ್ದಿರುವ ಬೀದಿಯಲ್ಲಿ ನಾಲ್ಕು ಲಕ್ಷ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ವಯಸ್ಸಾದವರಿಗಾಗಿ ನೋಡುವುದಾದರೆ ಇದಕ್ಕಿಂತ ಮುಖ್ಯ ಆಸ್ಪತ್ರೆಯ ದೂರ. ಕಿಲೋಮೀಟರ್ ಕೇಳಬೇಡಿ, ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲ್ ವ್ಯಾನುಗಳ ನಡುವೆ ಒಮ್ಮೆ ಹೋಗಿ ನೋಡಿ. ರಾತ್ರಿ ಹತ್ತಕ್ಕೆ ಆ ಬಡಾವಣೆಯಿಂದ ಆಟೋ ಬುಕ್ ಮಾಡಿ ಎಷ್ಟು ಜನ ಕ್ಯಾನ್ಸಲ್ ಮಾಡುತ್ತಾರೆ ಎಂದೂ ನೋಡಿ.

ಈಗಾಗಲೇ ಕೊಂಡು ಕೂತವರಿಗೆ

ಒಬ್ಬೊಬ್ಬರೇ ಕಚೇರಿಗೆ ಅಲೆದರೆ ಹಸ್ತಾಂತರ ಆಗುವುದಿಲ್ಲ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನಿವಾಸಿಗಳ ಸಂಘ ನೋಂದಾಯಿಸಬಹುದು. ಆಮೇಲೆ ಮಾಹಿತಿ ಹಕ್ಕಿನಲ್ಲಿ ನಾಲ್ಕು ಕಾಗದ ಕೇಳಿ: ಮಂಜೂರಾದ ನಕ್ಷೆ, ಸೈಟು ಬಿಡುಗಡೆ ಆದೇಶಗಳು, ಕಾಮಗಾರಿ ಪೂರ್ಣಗೊಂಡ ಬಗ್ಗೆ ವರದಿ, ಹಸ್ತಾಂತರದ ಪತ್ರವ್ಯವಹಾರ. ಎಲ್ಲೋ ಒಂದು ಕಡೆ ಕೆಲಸ ಮುಗಿಯದೆಯೇ ಕೊನೆಯ ಸೈಟುಗಳನ್ನು ಬಿಡುಗಡೆ ಮಾಡಿರುವುದು ಸಿಕ್ಕರೆ ಪ್ರಾಧಿಕಾರ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ಮುಂದಿನ ಹೆಜ್ಜೆ ಜಂಟಿ ಸ್ಥಳ ಪರಿಶೀಲನೆಗೆ ಬರೆಯುವುದು: ಪ್ರಾಧಿಕಾರ, ಸ್ಥಳೀಯ ಸಂಸ್ಥೆ, ವಿದ್ಯುತ್ ಕಂಪನಿ ಚೆಸ್ಕಾಂ, ನೀರು ಸರಬರಾಜಿನವರು ಒಂದೇ ದಿನ ಬರಬೇಕು. ಬೇರೆ ಬೇರೆ ದಿನ ಬಂದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆ ದಿನದ ಮಹಜರಿನಲ್ಲಿ ಕೊರತೆಗಳನ್ನು ‘ರಸ್ತೆ ಸರಿಯಿಲ್ಲ’ ಎಂದು ಬರೆಸದೆ ‘3ನೇ ಅಡ್ಡರಸ್ತೆಯಲ್ಲಿ 60 ಮೀಟರ್ ಚರಂಡಿ ಇಲ್ಲ, 4 ಮ್ಯಾನ್‌ಹೋಲ್ ಮುಚ್ಚಳ ಇಲ್ಲ’ ಎಂದು ಅಳತೆ ಸಮೇತ ಬರೆಸಿ. ಅಂದಾಜು ಪಟ್ಟಿ ಆಗುವುದು ಅಳತೆಯಿಂದ. ಪಾರ್ಕು, ಸಿ.ಎ. ಜಾಗಕ್ಕೆ ಅಷ್ಟರಲ್ಲಿ ತಂತಿಬೇಲಿ, ಫಲಕ ಹಾಕಿಸಿಕೊಳ್ಳಿ. ಯಾರ ಸುಪರ್ದಿಯೂ ಇಲ್ಲದ ಜಾಗದಲ್ಲಿ ಮೊದಲು ಏಳುವುದು ಶೆಡ್ಡು.

ಕೊಳ್ಳುವ ಮುನ್ನ ವರ್ಷ ಎರಡು ವರ್ಷ ಇದ್ದು ನೋಡುವವರಿಗೆ: ಭೋಗ್ಯ

ಕೊಳ್ಳುವ ಮೊದಲು ಅದೇ ಭಾಗದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಮೈಸೂರಿನಲ್ಲಿ ಬಾಡಿಗೆಯ ಜತೆ ಭೋಗ್ಯದ ರೂಢಿಯೂ ಗಟ್ಟಿಯಾಗಿದೆ: ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವುದು. ಉದಾಹರಣೆಗೆ 8 ಲಕ್ಷಕ್ಕೆ ಭೋಗ್ಯ ಎಂದರೆ ಶೇ 7ರ ಬಡ್ಡಿಯಲ್ಲಿ ವರ್ಷಕ್ಕೆ 56,000 ಬಿಟ್ಟಂತೆ, ತಿಂಗಳಿಗೆ ಸುಮಾರು 4,700. ಅಂಥ ಮನೆಯ ಬಾಡಿಗೆ ಹತ್ತು ಸಾವಿರ ಇದ್ದರೆ ಲಾಭ ಎದ್ದು ಕಾಣುತ್ತದೆ. ಇಷ್ಟು ಲಾಭ ಬಿಟ್ಟು ಮಾಲೀಕ ಯಾಕೆ ಕೊಡುತ್ತಾನೆ ಎಂದೂ ಕೇಳಿಕೊಳ್ಳಬೇಕು. ಹೆಚ್ಚಿನ ಸಲ ಅವನಿಗೆ ತುರ್ತಾಗಿ ದುಡ್ಡು ಬೇಕು, ಬ್ಯಾಂಕು ಇನ್ನು ಕೊಡುವುದಿಲ್ಲ.

ಆದ್ದರಿಂದ ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ. ಜೆರಾಕ್ಸ್ ಮಾತ್ರ ಇದ್ದರೆ ಮೂಲಪತ್ರ ಬ್ಯಾಂಕಿನಲ್ಲಿ ಅಡವಿದೆ ಎಂದು ತಿಳಿಯಬೇಕು. ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ, ಬಾಗಿಲಿಗೆ ನೋಟಿಸು ಅಂಟಿಸಿದ ದಿನವೇ ಭೋಗ್ಯದಾರನಿಗೆ ವಿಷಯ ಗೊತ್ತಾಗುವುದು. ಇ-ಸ್ಟಾಂಪ್ ಪೇಪರಿನಲ್ಲಿ ಟೈಪು ಮಾಡಿಸಿ ನೋಟರಿ ಹಾಕಿಸಿದ ಕರಾರು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯೂ ಸ್ವಾಧೀನ ಸಹಿತ ಅಡಮಾನವೂ ನೋಂದಣಿ ಆಗಲೇಬೇಕು. ಶುಲ್ಕ ಉಳಿಸಲು ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ಬರೆಯುವವರು ಲಕ್ಷಗಟ್ಟಲೆ ಹಣವನ್ನು ಬರೀ ನಂಬಿಕೆಯ ಮೇಲೆ ಇಟ್ಟಂತೆ. ನೋಂದಾಯಿಸಿದ್ದರೆ ಅದು ಇಸಿಯಲ್ಲಿ ಬರುತ್ತದೆ, ಮನೆ ಕೊಳ್ಳಲು ಬಂದ ಇನ್ನೊಬ್ಬರು ನಿಮ್ಮ ಹಣ ತೀರಿಸದೆ ಮುಂದುವರಿಯುವುದಿಲ್ಲ. ಹಣವನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ, ಮನೆ ಬಿಡುವಾಗ ಹಣ ಖಾತೆಗೆ ಬಂದ ಮೇಲೆ ಬೀಗದ ಕೈ ಕೊಡಿ. ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಅವಧಿ ಮುಗಿದ ಮೇಲೆ ಹಣ ಕೊಡುವುದು ತಡವಾದರೆ ಎಷ್ಟು ದಿನ ಮನೆಯಲ್ಲಿ ಮುಂದುವರಿಯಬಹುದು, ಈ ಎರಡನ್ನೂ ಕರಾರಿನಲ್ಲೇ ಬರೆಸಿರಿ. ಬೋರ್‌ವೆಲ್ ಬತ್ತಿದರೆ ಟ್ಯಾಂಕರಿನ ಖರ್ಚು ಯಾರದು ಎಂದೂ ಸೇರಿಸಿ. ಮಾರ್ಚಿನಲ್ಲಿ ಮನೆ ನೋಡಿದವರು ಇದನ್ನು ತಾವಾಗಿಯೇ ಕೇಳುತ್ತಾರೆ, ಆಗಸ್ಟಿನಲ್ಲಿ ನೋಡಿದವರು ಮರೆಯುತ್ತಾರೆ.